ತಕ್ಕಡಿ ಸಾಹೇಬ ಕಲಿತ ಒಂದು ಇಂಗ್ಲಿಷ್ ಶಬ್ದ

ತೂಕ ಮತ್ತು ಅಳತೆಯ ಇಲಾಖೆಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ನನ್ನ ನಂಬರನ್ನು ಎಲ್ಲಿಂದಲೋ ಹುಡುಕಿಕೊಂಡು ಫೋನ್ ಮಾಡುತ್ತಾರೆ. ನಿವೃತ್ತನಾದವನಿಗೆ ಫೋನ್ ಬರುವುದೇ ದೊಡ್ಡದು, ಹಾಗಾಗಿ ನನಗೆ ಖುಷಿಯೇ. ಎಲ್ಲರೂ ಕೇಳುವುದು ಒಂದೇ ಮಾತು. "ಸರ್, ಮೋಸ ಮಾಡೋರನ್ನ ಹಿಡಿಯೋದು ಹ್ಯಾಂಗ್ರಿ?" ಅದಕ್ಕೆ ನಾನು, "ಮೊದಲ ಮೋಸ ಮಾಡದವರನ್ನ ಗುರ್ತಾ ಹಿಡಿಯೋದು ಕಲೀರಿ" ಎಂದರೆ, ಆಗಲಿ ಸರ್ ಎಂದು ಫೋನ್ ಇಟ್ಟುಬಿಡುತ್ತಾರೆ. ಮುದುಕನಿಗೆ ಕೆಲಸವೇ ಮರೆತುಹೋಗಿದೆ ಅಂದುಕೊಳ್ಳುತ್ತಾರೋ ಏನೋ. ಫೋನಿನಲ್ಲಿ ಪೂರ್ತಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾವಾಗ ತಪ್ಪಿತು ಎಂಬುದೆಲ್ಲ ಕಚೇರಿಯ ಕಾಗದಗಳಲ್ಲಿ ಇದೆ. ಅದನ್ನು ಓದಿ ಯಾರಿಗೂ ಏನೂ ಆಗಬೇಕಿಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಈ ಐದು ಊರುಗಳ ನಡುವೆಯೇ ನನ್ನ ನೌಕರಿ ಸುತ್ತು ಹಾಕಿತು. ಮಂದಿ ನನ್ನನ್ನು ತಕ್ಕಡಿ ಸಾಹೇಬ ಎನ್ನುತ್ತಿದ್ದರು. ಎದುರಿಗೆ ಸಾಹೇಬ, ಹಿಂದೆ ಬರೀ ತಕ್ಕಡಿ. ಈ ತಕ್ಕಡಿಗೆ ಬುದ್ಧಿ ಕಲಿಸಿದ ಇಬ್ಬರು ಹಿರಿಯರನ್ನೂ ಒಂದು ಇಂಗ್ಲಿಷ್ ಶಬ್ದವನ್ನೂ ನೆನೆಯದೆ ನನ್ನ ನೌಕರಿಯ ಕಥೆ ಹೇಳಲು ಬರುವುದಿಲ್ಲ.

ಮೊದಲು ಕೆಲಸ ಹೇಗಿತ್ತು ಎನ್ನುವುದನ್ನು ಹೇಳುತ್ತೇನೆ. ಈಗ ನೀವು ನೋಡುವ ಕಂಪ್ಯೂಟರು, ಎಲೆಕ್ಟ್ರಾನಿಕ್ ಕಾಂಟಾ ಆಗ ಇರಲಿಲ್ಲ. ವರ್ಷಕ್ಕೊಮ್ಮೆ ಊರೂರಿಗೆ ಹೋಗಿ ಕ್ಯಾಂಪು ಹಾಕುತ್ತಿದ್ದೆವು. ಊರಿನ ವ್ಯಾಪಾರಿಗಳೆಲ್ಲ ತಮ್ಮ ತಕ್ಕಡಿ, ತೂಕದ ಕಲ್ಲು, ಎಣ್ಣೆ ಅಳೆಯುವ ಮಾಪು ಹೊತ್ತು ತರುತ್ತಿದ್ದರು. ಪ್ರತಿಯೊಂದು ತೂಕವನ್ನೂ ನಮ್ಮ ಅಸಲಿ ತೂಕದೊಂದಿಗೆ ತೂಗಿ, ಕಡಿಮೆ ಬಿದ್ದರೆ ಅದರ ಹೊಟ್ಟೆಯ ತೂತಿಗೆ ಸೀಸ ತುಂಬಿ, ಮೇಲೆ ಸುತ್ತಿಗೆಯಿಂದ ಮುದ್ರೆ ಒತ್ತಬೇಕು. ಸಂಜೆಯ ಹೊತ್ತಿಗೆ ಬೆರಳೆಲ್ಲ ಕಪ್ಪಾಗಿ, ಊಟಕ್ಕೆ ಕುಳಿತರೆ ರೊಟ್ಟಿಯೂ ಸೀಸದ ವಾಸನೆ ಹೊಡೆಯುತ್ತಿತ್ತು.

ನನ್ನ ಮೊದಲ ಕ್ಯಾಂಪು ಚಿಂಚೋಳಿಯಲ್ಲಿ. ಅಲ್ಲಿನ ವ್ಯಾಪಾರಿಗಳು ಒಂದೇ ಮಾತನ್ನು ಅರ್ಧ ಕನ್ನಡದಲ್ಲಿ ಶುರು ಮಾಡಿ ತೆಲುಗಿನಲ್ಲಿ ಮುಗಿಸುವವರು. ನಾನು ಕಾಗಿಣಾ ದಂಡೆಯ ದಂಡೋತಿಯವನು, ತೆಲುಗು ಅಷ್ಟಕ್ಕಷ್ಟೇ. ಮುದ್ರೆ ಒತ್ತುವ ಹುಮ್ಮಸ್ಸಿನಲ್ಲಿ ಎಲ್ಲರ ಐದು ಕಿಲೋ ತೂಕಗಳನ್ನೂ ಒಂದೇ ಕಡೆ ಗುಡ್ಡೆ ಹಾಕಿಬಿಟ್ಟೆ. ಕಬ್ಬಿಣದ ತೂಕಗಳು ಎಲ್ಲ ಒಂದೇ ಥರ. ಸಂಜೆ ಯಾವುದು ಯಾರದೆಂದು ಯಾರಿಗೂ ತಿಳಿಯದಾಯಿತು. ಒಬ್ಬ ಬೆಲ್ಲದ ವ್ಯಾಪಾರಿ ತೂಕಗಳನ್ನು ಒಂದೊಂದಾಗಿ ಮೂಸಿ ನೋಡಿ, ಬೆಲ್ಲದ ವಾಸನೆ ಬಂದದ್ದನ್ನು ಎತ್ತಿಕೊಂಡು ಹೋದ. ಉಳಿದವರು ಜಗಳವಾಡಿದರು. ಮರುವರ್ಷದಿಂದ ಪ್ರತಿಯೊಂದಕ್ಕೂ ಬೇರೆ ಬೇರೆ ಬಣ್ಣದ ಬಟ್ಟೆಯ ಚೂರು ಕಟ್ಟಿಸಿದೆ.

ಆಗ ನನ್ನ ಮೇಲಧಿಕಾರಿ ಪಾಟೀಲ ಸಾಹೇಬರು. ಹಣೆಗೆ ವಿಭೂತಿ, ಬಾಯಲ್ಲಿ ಎಲೆ ಅಡಿಕೆ, ಮಾತು ಕಮ್ಮಿ. ಚಿಂಚೋಳಿಯ ಸುದ್ದಿ ಕೇಳಿ ಅವರು ಬೈಯಲಿಲ್ಲ, ನಕ್ಕರು. ಆಮೇಲೆ ಒಂದು ಮಾತು ಹೇಳಿದರು. "ತಕ್ಕಡಿ ಮುಂದ ನಿಂತಾಗ ವ್ಯಾಪಾರಿ ಮಾರಿ ನೋಡಬ್ಯಾಡಪ್ಪಾ. ಮುಳ್ಳು ನೋಡು. ಮಾರಿ ನೋಡಿದ್ರ ಬಡವನ ಮ್ಯಾಲ ಸಿಟ್ಟು ಬರ್ತದ, ಇಲ್ಲಾ ಕನಿಕರ ಬರ್ತದ. ಎರಡೂ ತೂಕಕ್ಕ ಬರಂಗಿಲ್ಲ." ಇಲಾಖೆಯ ಕೈಪಿಡಿಯಲ್ಲಿ ಇಲ್ಲದ ಇಂಥ ಮಾತುಗಳನ್ನು ನಾನು ಅವರಿಂದ ಬಹಳ ಕಲಿತೆ. ಅವರು ಈಗ ಇಲ್ಲ. ಇದ್ದಿದ್ದರೆ ಈ ಬರಹವನ್ನು ಮೊದಲು ಅವರಿಗೇ ಓದಿ ತೋರಿಸುತ್ತಿದ್ದೆ.

ಇನ್ನು ಶಬ್ದದ ವಿಷಯ. ನೌಕರಿ ಕಾಯಂ ಆಗಬೇಕಾದರೆ ಇಲಾಖಾ ಪರೀಕ್ಷೆ ಪಾಸಾಗಬೇಕಿತ್ತು. ಪುಸ್ತಕ ಇಂಗ್ಲಿಷಿನದು, ನಾನು ಕನ್ನಡ ಶಾಲೆಯವನು. ಅದರ ಕೊನೆಯ ಪುಟಗಳಲ್ಲಿ ಹಳೆಯ ಕಾಲದ ತೂಕಗಳ ಪಟ್ಟಿ ಇತ್ತು. ಇಪ್ಪತ್ತು ಗ್ರೇನಿಗೆ ಒಂದು ಸ್ಕ್ರೂಪಲ್, ಮೂರು ಸ್ಕ್ರೂಪಲ್‌ಗೆ ಒಂದು ಡ್ರಾಮ್. ಔಷಧಿ ತೂಗಲು ಬಳಸುತ್ತಿದ್ದ ತೂಕಗಳಂತೆ. ಬಸ್ಸಿನಲ್ಲಿ ಕಣ್ಣು ಮುಚ್ಚಿ ಅದನ್ನೇ ಜಪ ಮಾಡುತ್ತಿದ್ದೆ. ಪಕ್ಕದಲ್ಲಿ ಕುಳಿತವರು ಪೂಜೆಯ ಮಂತ್ರವೆಂದು ತಿಳಿದು ಸರಿದು ಜಾಗ ಬಿಟ್ಟದ್ದೂ ಉಂಟು.

ಆ ದಿನಗಳಲ್ಲೇ ಶಹಾಬಾದಿನಲ್ಲಿ ಔಷಧಿ ಅಂಗಡಿಗಳ ತಪಾಸಣೆ ಬಂತು. ಬಜಾರಿನ ತುದಿಯಲ್ಲಿ ರಜಾಕ್ ಸಾಹೇಬರ ಪುಟ್ಟ ಅಂಗಡಿ. ಅವರು ಆಸ್ಪತ್ರೆಯೊಂದರಲ್ಲಿ ಕಂಪೌಂಡರ್ ಆಗಿದ್ದು, ನಿವೃತ್ತಿಯ ನಂತರ ಅಂಗಡಿ ಇಟ್ಟವರು. ಬಿಳಿ ಗಡ್ಡ, ಇಸ್ತ್ರಿ ಮಾಡಿದ ಪೈಜಾಮ. ಗಾಜಿನ ಕಪಾಟಿನಲ್ಲಿ ಒಂದು ಕಟ್ಟಿಗೆಯ ಪೆಟ್ಟಿಗೆ ಕಂಡಿತು. ತೆಗೆಸಿ ನೋಡಿದರೆ ಮಖಮಲ್ಲಿನ ಮೇಲೆ ಸಾಲಾಗಿ ಇಟ್ಟ ಪುಟ್ಟ ಪುಟ್ಟ ಹಿತ್ತಾಳೆಯ ತೂಕಗಳು. ಹಳೆಯ ಪದ್ಧತಿಯವು. ವ್ಯಾಪಾರಕ್ಕೆ ಬಳಸಿದರೆ ಜಪ್ತಿ ಮಾಡಬೇಕು.

"ಇವು ಇಟ್ಕೊಳ್ಳಂಗಿಲ್ರಿ" ಎಂದೆ, ದನಿಯಲ್ಲಿ ಹೊಸ ಅಧಿಕಾರದ ಗತ್ತು ಇತ್ತು.

"ಬೈಠೋ ಬೇಟಾ, ಕುಂದ್ರು" ಎಂದು ಅವರು ಸ್ಟೂಲು ಸರಿಸಿದರು. "ಇದ್ರಾಗ ಯಾರಿಗೂ ದವಾ ತೂಗಿ ಕೊಡಂಗಿಲ್ಲ. ನಮ್ಮ ಉಸ್ತಾದ್ ಕೊಟ್ಟಿದ್ರು, ನೋಡ್ಲಿಕ್ಕ ಇಟ್ಟೀನಿ. ಇದರ ಹೆಸರು ಗೊತ್ತದೇನು?"

ಅವರ ಅಂಗೈ ಮೇಲೆ ಇದ್ದ ಚೂರನ್ನು ನೋಡಿ ನಾನು ಜಂಬದಿಂದ, "ಸ್ಕ್ರೂಪಲ್. ಇಪ್ಪತ್ತು ಗ್ರೇನ್" ಎಂದೆ.

"ವಾಹ್. ಅದು ತೂಕ ಆಯ್ತು. ಅರ್ಥ ಏನು?"

ಅರ್ಥ ನನಗೆ ಗೊತ್ತಿರಲಿಲ್ಲ. ತೂಕಕ್ಕೂ ಅರ್ಥ ಇರುತ್ತದೆಯೇ ಎಂದು ಕೇಳಿದೆ. ಅವರು ಗಲ್ಲಾಪೆಟ್ಟಿಗೆಯ ಕೆಳಗಿನಿಂದ ಬಟ್ಟೆ ಕಟ್ಟಿದ ದಪ್ಪ ನಿಘಂಟು ತೆಗೆದರು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅದನ್ನು ಓದುವುದು ಅವರ ಚಟವಂತೆ. ಬೇರೆಯವರು ಬೀಡಿ ಸೇದುತ್ತಾರೆ, ನಾನು ಶಬ್ದ ಓದುತ್ತೇನೆ ಎಂದು ನಕ್ಕರು.

"ರೋಮ್ ಮಂದಿಯ ಹಳೇ ಭಾಷಾದಾಗ ಸ್ಕ್ರೂಪಸ್ ಅಂದ್ರ ಚೂಪು ಕಲ್ಲು. ಸ್ಕ್ರೂಪುಲಸ್ ಅಂದ್ರ ಅದರ ಮರಿ, ಸಣ್ಣ ಹರಳು. ಸಣ್ಣ ಹರಳು ಅಂತನೇ ಸಣ್ಣ ತೂಕಕ್ಕೂ ಅದೇ ಹೆಸರು ಬಂತು. ಅಷ್ಟೇ ಅಲ್ಲ. ಚಪ್ಪಲಿದಾಗ ಹರಳು ಹೊಕ್ಕಿದ್ರ ಹ್ಯಾಂಗ ಆಗ್ತದ? ಶಹಾಬಾದಿನ ರಸ್ತಾದಾಗ ಅಡ್ಡಾಡಿದವಗ ಇದು ಹೇಳಬೇಕೇನು? ಮುಳ್ಳು ಹೊಕ್ಕಿದ್ರ ರಕ್ತ ಬರ್ತದ, ಮಂದಿ ನೋಡ್ತಾರ. ಹರಳು ಹೊಕ್ಕಿದ್ರ ಯಾರಿಗೂ ಕಾಣಂಗಿಲ್ಲ. ನಡೀತಿ, ಆದ್ರ ನಿಂತು ತೆಗೆಯೋತನ ಸಮಾಧಾನ ಇರಂಗಿಲ್ಲ. ಮನಸಿನಾಗ ಹಂಗ ಒತ್ತೋದಕ್ಕ ಸ್ಕ್ರೂಪಲ್ ಅಂದ್ರು. ಇದು ಸರಿ ಅದನೋ ಇಲ್ಲೋ ಅಂತ ನಿನಗ ನಿನ್ನ ಕೆಲಸದ ಮ್ಯಾಲೇ ಚುಚ್ಚೋ ಸಂಶಯ."

ನೆಲಕ್ಕೆ ಹಾಸುವ ಪರಸಿ ಕಲ್ಲಿನ ಗಣಿಗಳ ಊರು ಅದು. ಕಲ್ಲಿನ ಚಕ್ಕೆ ಕಾಲಿಗೆ ಒತ್ತದ ದಿನವೇ ಇರುತ್ತಿರಲಿಲ್ಲ. ಎಲ್ಲೋ ರೋಮಿನಲ್ಲಿ ಯಾರದೋ ಚಪ್ಪಲಿಗೆ ಸಿಕ್ಕ ಹರಳು ಇಷ್ಟು ದೂರ ಬಂದು, ನನ್ನ ಪರೀಕ್ಷೆಯ ಪುಸ್ತಕದಲ್ಲಿ ಕುಳಿತಿತ್ತು ಎನ್ನುವುದು ನನಗೆ ಭಾರಿ ಸೋಜಿಗವಾಯಿತು. ಅಲ್ಲಿಯವರೆಗೆ ಇಂಗ್ಲಿಷ್ ಎಂದರೆ ನನಗೆ ಬಾಯಿಪಾಠದ ಭಾಷೆ. ಅದರ ಶಬ್ದಗಳನ್ನೂ ಯಾರೋ ನಡೆಯುವವರು, ತೂಗುವವರು ಹುಟ್ಟಿಸಿದ್ದು ಎಂದು ತಿಳಿದದ್ದು ಆವತ್ತೇ. ಆ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಬಂದೆ.

ಕನ್ನಡದಲ್ಲಿ ಅದಕ್ಕೇನನ್ನಬೇಕು ಎಂದು ಆಮೇಲೆ ನಾವಿಬ್ಬರೂ ಎಷ್ಟೋ ಸಲ ಚಹಾ ಕುಡಿಯುತ್ತ ವಾದ ಮಾಡಿದ್ದೇವೆ. ಅಳುಕು ಎಂದರೆ ಅದರಲ್ಲಿ ಭಯ ಸೇರಿದೆ. ಶಂಕೆ ಎಂದರೆ ಇನ್ನೊಬ್ಬರ ಮೇಲೆ ಪಡುವುದು. ಹಿಂಜರಿಕೆ ಎಂದರೆ ಕೆಲಸಗಳ್ಳನಿಗೂ ಇರುತ್ತದೆ. ಕಡೆಗೆ ಹರಳು ಎಂದೇ ಇಟ್ಟುಕೊಂಡೆವು. ಆಗ ಮೇಲಿನ ಕಚೇರಿಯಿಂದ ಬರುತ್ತಿದ್ದ ಸುತ್ತೋಲೆಗಳಲ್ಲಿ ಅನ್‌ಸ್ಕ್ರೂಪುಲಸ್ ವ್ಯಾಪಾರಿಗಳ ಮೇಲೆ ಕಣ್ಣಿಡಿ ಎಂದು ಇರುತ್ತಿತ್ತು. ನಾನು ಅದನ್ನು ಹರಳಿಲ್ಲದ ವ್ಯಾಪಾರಿಗಳು ಎಂದು ಓದಿಕೊಂಡು ಒಬ್ಬನೇ ನಗುತ್ತಿದ್ದೆ. ಪರೀಕ್ಷೆಯೂ ಪಾಸಾಯಿತು. ಹಳೆಯ ತೂಕಗಳ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ.

ಹೊಸ ಶಬ್ದ ಕಲಿತವನ ಕೈ ಸುಮ್ಮನಿರುವುದಿಲ್ಲ. ನಾನು ಎಲ್ಲದರಲ್ಲೂ ಹರಳು ಹುಡುಕಲು ಶುರು ಮಾಡಿದೆ. ಚಿತ್ತಾಪುರದ ಸಂತೆಯಲ್ಲಿ ಕಾಯಿಪಲ್ಯ ಮಾರುವ ಹೆಣ್ಣುಮಕ್ಕಳ ತಕ್ಕಡಿಗಳನ್ನು ಒಂದೊಂದಾಗಿ ನೋಡಿ, ಇದರ ಮುಳ್ಳು ತುಕ್ಕು ಹಿಡಿದಿದೆ, ಇದರ ಸರಪಳಿ ಒಂದು ಕೊಂಡಿ ಗಿಡ್ಡ, ಇದು ಕೂದಲಿನಷ್ಟು ವಾಲುತ್ತದೆ ಎಂದು ಸಾಲಿಗೆ ಸಾಲೇ ತಿರಸ್ಕರಿಸಿ ಕಚೇರಿಗೆ ಹೊತ್ತೊಯ್ದೆ. ಮುಂದಿನ ವಾರ ಹೋದರೆ ಸಂತೆಯಲ್ಲಿ ತಕ್ಕಡಿಯೇ ಇಲ್ಲ. ಬದನೆಕಾಯಿ, ಟೊಮ್ಯಾಟೊ ಎಲ್ಲ ಗುಂಪಿ ಹಾಕಿ ಮಾರಾಟ. ಒಬ್ಬ ಗಿರಾಕಿ ಒಂದು ಕಿಲೋ ಕೊಡು ಎಂದದ್ದಕ್ಕೆ ಅಜ್ಜಿಯೊಬ್ಬಳು ನನ್ನ ಕಡೆ ಬೆರಳು ತೋರಿಸಿ, "ಕಿಲೋ ಬೇಕಂದ್ರ ಅವರ ಆಫೀಸಿಗಿ ಹೋಗು, ಎಲ್ಲಾ ಕಿಲೋ ಅಲ್ಲೇ ಅವ" ಎಂದಳು. ಸಂತೆಯೆಲ್ಲ ನಕ್ಕಿತು.

ಈ ಸಲ ಪಾಟೀಲ ಸಾಹೇಬರು ನಗಲಿಲ್ಲ. "ತಕ್ಕಡಿಗಿ ಇಷ್ಟು ತಪ್ಪು ಮಾಫ್ ಅಂತ ಕಾನೂನೇ ಬರ್ದದ. ಕಾನೂನು ಬಿಟ್ಟಿದ್ದು ನೀ ಹಿಡೀತಿ ಅಂದ್ರ ನೀ ಕಾನೂನಿಗಿಂತ ದೊಡ್ಡವನೇನು? ಹೋಗಿ ಎಲ್ಲರ ತಕ್ಕಡಿ ತಿರುಗಿ ಕೊಟ್ಟು ಬಾ" ಎಂದರು. ರಜಾಕ್ ಸಾಹೇಬರಿಗೆ ಹೇಳಿದರೆ ಅವರೂ ತಲೆ ಅಲ್ಲಾಡಿಸಿದರು. "ಹೆಜ್ಜಿ ಹೆಜ್ಜಿಗಿ ಚಪ್ಪಲಿ ಝಾಡಿಸಿದ್ರ ಮನಿ ಮುಟ್ಟೋದು ಯಾವಾಗ ಬೇಟಾ? ಒತ್ತಿದಾಗ ಅಷ್ಟೇ ತೆಗೀಬೇಕು." ಒಬ್ಬರು ಶರಣರ ಮನೆತನದವರು, ಒಬ್ಬರು ಐದು ಹೊತ್ತು ನಮಾಜಿನವರು, ಇಬ್ಬರೂ ಒಂದೇ ವಾರದಲ್ಲಿ ನನ್ನ ಕಿವಿ ಹಿಂಡಿದರು. ಆ ಕಿವಿ ಹಿಂಡಿಸಿಕೊಂಡದ್ದಕ್ಕೆ ನಾನು ಇವತ್ತಿಗೂ ಋಣಿ.

ಆಮೇಲೆ ಕಾಲ ಬದಲಾಯಿತು. ಸೀಸ, ಸುತ್ತಿಗೆ ಮೂಲೆ ಸೇರಿದವು. ಸೇಡಮ್ಮಿನ ತೊಗರಿ ಬಜಾರಿನಲ್ಲಿ ದೊಡ್ಡ ತಕ್ಕಡಿಗಳನ್ನು ಮರದ ತೊಲೆಗೆ ತೂಗುಹಾಕುತ್ತಿದ್ದ ಹಮಾಲರ ಕೈಗೆ ಅಂಕಿ ಮಿನುಗುವ ಪೆಟ್ಟಿಗೆಗಳು ಬಂದವು. ಹಳೆಯ ತಕ್ಕಡಿಯಲ್ಲಿ ಮೋಸವಿದ್ದರೆ ಕಣ್ಣಿಗೆ ಕಾಣುತ್ತಿತ್ತು, ತಟ್ಟೆಯ ಕೆಳಗೆ ಅಂಟಿಸಿದ ಹುಣಸೆಹಣ್ಣೋ ಮೇಣವೋ ಕೈಗೇ ಸಿಗುತ್ತಿತ್ತು. ಈಗಿನದರಲ್ಲಿ ಎಲ್ಲವೂ ಪೆಟ್ಟಿಗೆಯ ಒಳಗೆ. ಅದರಿಂದ ನಮ್ಮ ಕಡೆ ಒಂದು ಹೊಸ ರೋಗ ಬಂತು. ತೂಕ ತಪ್ಪಿದರೆ ಸಾಕು, ಸೆಟ್ಟಿಂಗ್ ಮಾಡ್ಯಾರ ಎನ್ನುವುದು. ಯಾರು, ಹೇಗೆ ಎಂದು ಕೇಳುವವರಿಲ್ಲ. ಪೆಟ್ಟಿಗೆಯ ಹತ್ತಿರ ಯಾರು ಕುಳಿತಿದ್ದಾರೋ ಅವರೇ ಕಳ್ಳರು.

ನಾನು ಹೇಳಬೇಕೆಂದಿರುವ ಪ್ರಕರಣ ಇದೇ. ಆಗ ನನ್ನ ನಿವೃತ್ತಿ ಹತ್ತಿರ ಬಂದಿತ್ತು. ಶಹಾಬಾದಿನಿಂದ ವಾಡಿಗೆ ಹೋಗುವ ದಾರಿಯಲ್ಲಿ ಲಾರಿ ತೂಗುವ ಒಂದು ಖಾಸಗಿ ಕಾಂಟಾ. ನೆಲದ ಮಟ್ಟಕ್ಕೆ ದೊಡ್ಡ ಉಕ್ಕಿನ ಹಾಸು, ಪಕ್ಕದಲ್ಲಿ ಕಂಪ್ಯೂಟರ್ ಇಟ್ಟ ಸಣ್ಣ ಕೋಣೆ. ಕೂಡಿಟ್ಟ ತೊಗರಿಯನ್ನು ಬೆಲೆ ಏರಿದಾಗ ಮಾರಲು ರೈತರು ಅಲ್ಲಿಗೆ ತರುತ್ತಿದ್ದರು. ಕಾಂಟಾ ಕೊಡುವ ಚೀಟಿಯ ತೂಕವನ್ನೇ ಖರೀದಿದಾರರು ಒಪ್ಪುತ್ತಿದ್ದರು. ಮೇ ತಿಂಗಳಲ್ಲಿ ದೂರು ಬಂತು. ಕಾಂಟಾ ಕಮ್ಮಿ ತೋರಿಸುತ್ತಿದೆ, ಅದೂ ಮಧ್ಯಾಹ್ನದ ಪಾಳಿಯಲ್ಲಿ ಮಾತ್ರ.

ಮುಂಜಾನೆಯ ಪಾಳಿ ಮಾಲೀಕರ ಹೆಂಡತಿಯ ತಮ್ಮ ಮಲ್ಲುವಿನದು. ಮಧ್ಯಾಹ್ನದ ಪಾಳಿ ಸುಜಾತಾ ಎಂಬ ಹುಡುಗಿಯದು. ಭಂಕೂರಿನವಳು, ತಂದೆ ಕಲ್ಲು ಒಡೆಯುವವರು. ಬುದ್ಧ ವಿಹಾರದಲ್ಲಿ ನಡೆಯುತ್ತಿದ್ದ ಸಂಜೆಯ ಪಾಠಕ್ಕೆ ಹೋಗಿ ಕಂಪ್ಯೂಟರ್ ಕಲಿತು, ಆ ಮನೆಯಲ್ಲಿ ನೆರಳಿನಲ್ಲಿ ಕುಳಿತು ಮಾಡುವ ಕೆಲಸ ಹಿಡಿದ ಮೊದಲನೆಯವಳು.

ನಾನು ಅಸಲಿ ತೂಕಗಳ ಲಾರಿ ತೆಗೆದುಕೊಂಡು ಮಧ್ಯಾಹ್ನ ಹೋದೆ. ತೂಕ ಖರೇನೇ ಕಡಿಮೆ ಬಂತು, ಲಾರಿಗೆ ಎರಡು ಮೂರು ಚೀಲದಷ್ಟು. ಕಂಪ್ಯೂಟರಿಗೆ ಜೋಡಿಸಿದ ಪೆಟ್ಟಿಗೆಯ ಮುದ್ರೆಯೂ ಒಡೆದಿತ್ತು. ಮರುದಿನ ಮುಂಜಾನೆ ಮಲ್ಲು ಕುಳಿತಾಗ ತೂಗಿದರೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

"ನೋಡಿದ್ರೆಲ್ರಿ ಸಾಹೇಬ್ರ" ಎಂದರು ಮಾಲೀಕರು. "ಅಕೀ ಕುಂತಾಗ ಅಷ್ಟೇ ಕಮ್ಮಿ. ಖರೀದಿ ಮಾಡೋರ ಸಂಗಾಟ ಅಕೀದು ಏನೋ ನಡದದ. ನಾ ಅಕೀಗಿ ಬರಬ್ಯಾಡ ಅಂತ ಹೇಳೀನಿ. ನೀವು ವರದಿ ಕೊಡ್ರಿ, ಮುಂದಿಂದು ಪೊಲೀಸರು ನೋಡ್ಕೋತಾರ."

ಸುಜಾತಾ ತಂದೆಯನ್ನು ಕರೆದುಕೊಂಡು ಬಂದು ಗೇಟಿನ ಹೊರಗೆ ನಿಂತಿದ್ದಳು. ಅಳಲಿಲ್ಲ. "ಹ್ಯಾಂಗ ಕಮ್ಮಿ ತೋರಸ್ತದ ನನಗ ಗೊತ್ತಿಲ್ರಿ ಸರ್" ಎಂದಳು. "ಸೀಲು ಥಂಡಿ ದಿನದಾಗ ಪುಣೆದ ಮಿಸ್ತ್ರಿ ಬಂದಾಗ ಒಡದಾನ. ನಾ ಏನೂ ಮಾಡಿಲ್ಲ." ತಂದೆ ತಲೆಯ ವಸ್ತ್ರ ಕೈಯಲ್ಲಿ ಹಿಡಿದು ನೆಲ ನೋಡುತ್ತಿದ್ದರು. ಎಲ್ಲ ಆರೋಪಿಗಳೂ ಇದನ್ನೇ ಹೇಳುತ್ತಾರೆ ಎಂದು ನನಗೆ ಅನ್ನಿಸಿತು. ಎರಡು ಪಾಳಿ, ಇಬ್ಬರು ಮನುಷ್ಯರು, ಒಂದು ಕಡೆ ಸರಿ, ಒಂದು ಕಡೆ ತಪ್ಪು. ಇದಕ್ಕಿಂತ ಸ್ಪಷ್ಟ ಏನು ಬೇಕು? ವರದಿ ಬರೆದೆ. ಅದರಲ್ಲಿ ಅವಳ ಪೂರ್ತಿ ಹೆಸರು, ತಂದೆಯ ಹೆಸರು, ಊರು ಬರೆದೆ. ಕಲಬುರಗಿಯ ಕಚೇರಿಯಲ್ಲಿ ರುಜು ಹಾಕಿ ಕೊಡುವುದಷ್ಟೇ ಬಾಕಿ. ವಾಡಿ ಜಂಕ್ಷನ್ನಿಗೆ ಹೋಗಿ ಪ್ಯಾಸೆಂಜರ್ ಗಾಡಿಗೆ ಕಾಯುತ್ತ ಕುಳಿತೆ.

ಪ್ಲಾಟ್‌ಫಾರ್ಮಿನಲ್ಲಿ ಚಹಾ ಕುಡಿಯುವಾಗ ಏನೋ ಒತ್ತತೊಡಗಿತು. ಹಿಂದಿನ ಮಧ್ಯಾಹ್ನ ನಮ್ಮ ಲಾರಿ ಕಾಂಟಾದಿಂದ ಇಳಿದ ಮೇಲೆ ಅಂಕಿ ಸೊನ್ನೆಗೆ ಬಂದಿರಲಿಲ್ಲ. ಚೂರು ಆಚೀಚೆ ನಿಂತಿತ್ತು. ಧೂಳು ಇರಬೇಕೆಂದು ನಾನೇ ಬಟನ್ ಒತ್ತಿಸಿ ಸೊನ್ನೆ ಮಾಡಿಸಿದ್ದೆ. ಈಗ ಯೋಚಿಸಿದರೆ, ಸೆಟ್ಟಿಂಗ್ ಮಾಡುವವರು ಮೊದಲು ಜೋಪಾನ ಮಾಡುವುದೇ ಸೊನ್ನೆಯನ್ನು. ಲಾರಿ ಹತ್ತಿಸುವ ಮೊದಲು ಯಾವ ಡ್ರೈವರಾದರೂ ಮೊದಲು ನೋಡುವುದು ಅದನ್ನೇ. ಖಾಲಿ ಕಾಂಟಾ ಸೊನ್ನೆ ತೋರಿಸದಂತೆ ಯಾವ ಕಳ್ಳನೂ ಮೋಸ ಮಾಡುವುದಿಲ್ಲ. ಪೆಟ್ಟಿಗೆ ಏನೋ ಹೇಳಿತ್ತು. ನಾನು ಹುಡುಗಿಯ ಮಾರಿ ನೋಡುತ್ತ ಅದನ್ನು ಬಿಟ್ಟಿದ್ದೆ.

ಗಾಡಿ ಬಂತು. ಜನ ಹತ್ತಿದರು. ನಾನು ಹತ್ತಲಿಲ್ಲ. ರಜಾಕ್ ಸಾಹೇಬರು ತೀರಿಕೊಂಡು ಆಗಲೇ ಎಷ್ಟೋ ವರ್ಷವಾಗಿತ್ತು. ಆ ಪ್ಲಾಟ್‌ಫಾರ್ಮಿನ ಮೇಲೆ ಅವರನ್ನು ನೆನೆದು ಮನಸ್ಸಿನಲ್ಲೇ ಸಲಾಂ ಹೇಳಿದೆ. ಅವರು ಆ ಶಬ್ದವನ್ನು ಕೊಡದಿದ್ದರೂ ಆ ಸಂಶಯ ನನಗೆ ಬರುತ್ತಿತ್ತೇನೋ. ಆದರೆ ಹೆಸರಿಲ್ಲದ ಸಂಶಯವನ್ನು ನಾನು ಚಹಾದ ಜೊತೆ ನುಂಗಿಬಿಡುತ್ತಿದ್ದೆ. ಹೆಸರು ಗೊತ್ತಿದ್ದದ್ದಕ್ಕೆ ಎದ್ದು ನಿಂತೆ. ಲಾರಿಯ ಡ್ರೈವರಿಗೆ ಫೋನ್ ಮಾಡಿ ತಿರುಗಿ ಬಾ ಎಂದೆ. ಆಟೋ ಹಿಡಿದು ಕಾಂಟಾಕ್ಕೆ ಹೋದೆ.

ಬಿಸಿಲು ನೆತ್ತಿ ಸುಡುತ್ತಿತ್ತು. "ಮತ್ತ್ಯಾಕ ಬಂದ್ರಿ ಸಾಹೇಬ್ರ?" ಎಂದು ಮಾಲೀಕರು ಮುಖ ಸಿಂಡರಿಸಿದರು. ಸುಜಾತಾಳನ್ನೂ ಅವಳ ತಂದೆಯನ್ನೂ ಕರೆಸಲು ಹೇಳಿದೆ. ಅವಳನ್ನು ಹೊರಗೆ ನಿಲ್ಲಿಸಿ, ಮಲ್ಲುವನ್ನು ಕಂಪ್ಯೂಟರಿನ ಮುಂದೆ ಕೂರಿಸಿ ತೂಗಿಸಿದೆ. ಮಲ್ಲು ಕುಳಿತಾಗಲೂ ಅಷ್ಟೇ ಕಮ್ಮಿ ಬಂತು. ಮಲ್ಲು ಬೆವರೊರೆಸಿಕೊಂಡು, "ನಾ ಏನೂ ಒತ್ತಿಲ್ರಿ ಸಾಹೇಬ್ರ, ದೇವ್ರಾಣಿ" ಎಂದ. ಸುಜಾತಾಳ ತಂದೆ ಮೊದಲ ಸಲ ತಲೆ ಎತ್ತಿ ನೋಡಿದರು.

ಹಾಗಾದರೆ ತಪ್ಪು ಕೋಣೆಯಲ್ಲಿ ಇಲ್ಲ. ನಾನು ಹೊರಗೆ ಹೋಗಿ ಉಕ್ಕಿನ ಹಾಸಿನ ಬದಿಗೆ ಕುಳಿತೆ. ಕೈ ಊರಿದವನು ಚುರುಕ್ಕೆಂದು ತೆಗೆದೆ, ರೊಟ್ಟಿ ಹಂಚಿನಷ್ಟು ಕಾದಿತ್ತು. ಹಾಸಿನ ತುದಿಗೂ ಸಿಮೆಂಟಿನ ಗೋಡೆಗೂ ನಡುವೆ ದಪ್ಪ ಬೋಲ್ಟುಗಳಿರುತ್ತವೆ. ಲಾರಿ ಬ್ರೇಕ್ ಹಾಕಿದಾಗ ಹಾಸು ಜಾರದಂತೆ ತಡೆಯಲು. ಬೋಲ್ಟಿಗೂ ಹಾಸಿಗೂ ಮಧ್ಯೆ ಸಂದು ಇರಲೇಬೇಕು, ಹಾಸು ಯಾವುದನ್ನೂ ಮುಟ್ಟದೆ ನಿಂತಾಗಲೇ ತೂಕ ಸರಿ. ಜೇಬಿನಲ್ಲಿದ್ದ ರೈಲಿನ ಟಿಕೀಟನ್ನು ಆ ಸಂದಿಗೆ ತೂರಿಸಿ ನೋಡಿದೆ. ಟಿಕೀಟು ಹೋಗಲಿಲ್ಲ. ಇನ್ನೊಂದು ಬೋಲ್ಟಿನ ಹತ್ತಿರವೂ ಹೋಗಲಿಲ್ಲ.

ಆಗ ತಿಳಿಯಿತು. ಪುಣೆಯ ಮಿಸ್ತ್ರಿ ಚಳಿಗಾಲದಲ್ಲಿ ಬಂದು, ಹಾಸು ಅಲ್ಲಾಡುತ್ತದೆ ಎಂದು ಬೋಲ್ಟುಗಳನ್ನು ಹತ್ತಿರ ತಂದು ಬಿಗಿದಿದ್ದಾನೆ. ಅವನ ಲೆಕ್ಕ ಆ ದಿನದ ಥಂಡಿಗೆ ಸರಿಯಾಗಿತ್ತು. ನಮ್ಮ ಮೇ ತಿಂಗಳ ಬಿಸಿಲು ಅವನಿಗೆ ಗೊತ್ತಿಲ್ಲ. ಹಾಸು ಕಾದು ಹಿಗ್ಗಿ ಎರಡೂ ತುದಿಗೆ ಬೋಲ್ಟಿಗೆ ಒತ್ತಿ ನಿಲ್ಲುತ್ತಿತ್ತು. ಲಾರಿಯ ಭಾರದಲ್ಲಿ ಒಂದು ಪಾಲನ್ನು ಗೋಡೆಯೇ ಹೊರುತ್ತಿತ್ತು. ಮುಂಜಾನೆ ತಣ್ಣಗಾದಾಗ ಎಲ್ಲ ಸರಿ. ಮುಂಜಾನೆ ಮಲ್ಲು, ಮಧ್ಯಾಹ್ನ ಸುಜಾತಾ.

ಬಾಯಲ್ಲಿ ಹೇಳಿದರೆ ಯಾರು ನಂಬುತ್ತಾರೆ? ಧೂಳಿಗೆ ನೀರು ಹೊಡೆಯುವ ಟ್ಯಾಂಕರ್ ಅಲ್ಲೇ ನಿಂತಿತ್ತು. "ಹಾಸಿನ ಮ್ಯಾಲ ನೀರು ಬಿಡ್ರಿ" ಎಂದೆ. ಮಾಲೀಕರು ಸಾಹೇಬರಿಗೆ ಬಿಸಿಲು ತಲೆಗೇರಿದೆ ಎನ್ನುವ ಹಾಗೆ ನೋಡಿದರು. ನೀರು ಬಿತ್ತು. ಚುಂಯ್ ಎಂದು ಹಬೆ ಎದ್ದಿತು. ಸರದಿಯಲ್ಲಿ ನಿಂತಿದ್ದ ಡ್ರೈವರುಗಳು, ತೊಗರಿಯ ರೈತರು ಕಿಟಕಿಗೆ ಮುತ್ತಿಕೊಂಡರು. ಟ್ಯಾಂಕರು ಖಾಲಿಯಾಗುತ್ತ ಬಂದಂತೆ ಆಚೀಚೆ ನಿಂತಿದ್ದ ಅಂಕಿ ಮೆಲ್ಲಗೆ ಇಳಿದು ಸೊನ್ನೆಗೆ ಬಂತು. ಲಾರಿ ಹತ್ತಿಸಿದೆವು. ತೂಕ ಪೂರ್ತಿ ಬಂತು. ಪೆಟ್ಟಿಗೆಯನ್ನು ಯಾರೂ ಮುಟ್ಟಿರಲಿಲ್ಲ.

ಯಾರೋ ಡ್ರೈವರು, "ಸೂರ್ಯನ ಮ್ಯಾಲ ಕೇಸ್ ಹಾಕ್ರಿ ಸಾಹೇಬ್ರ" ಎಂದ. ಎಲ್ಲರೂ ನಕ್ಕರು. ಸುಜಾತಾ ನಗಲಿಲ್ಲ.

ಮಾಲೀಕರು ಕೆಟ್ಟವರಲ್ಲ. ಅವಳ ಹತ್ತಿರ ಬಂದು ಇಳಿದ ದನಿಯಲ್ಲಿ, "ತಂಗಿ, ನಾಳಿಂದ ಡ್ಯೂಟಿಗಿ ಬಾ" ಎಂದರು.

"ನೀವು ಕಳ್ಳಿ ಅಂದಿದ್ದು ಭಂಕೂರತನ ಮುಟ್ಟ್ಯದ್ರಿ ಸಾವ್ಕಾರ್ರ" ಎಂದಳು ಅವಳು. "ಡ್ಯೂಟಿಗಿ ಬಾ ಅಂಬೋದು ಇಲ್ಲೇ ನಿಂತದ. ನಮ್ಮವ್ವ ಎರಡು ದಿನಾ ಆಯ್ತು, ನೀರಿಗಿ ನಳದ ಕಡಿ ಹೋಗಿಲ್ಲ." ಆಮೇಲೆ ನನ್ನ ಕಡೆ ತಿರುಗಿದಳು. "ಸರ್, ಈಗ ವರದಿದಾಗ ಏನು ಬರೀತೀರಿ?"

"ಬೋಲ್ಟ್ ಬಿಗಿ ಆಗಿತ್ತು, ಹಾಸು ಬಿಸಿಲಿಗಿ ಹಿಗ್ಗಿ ತೂಕ ಕಮ್ಮಿ ಬಂತು ಅಂತ ಬರೀತೀನಮ್ಮಾ."

"ಅದರಾಗ ನನ್ನ ಹೆಸರು ಇರ್ತದೇನ್ರಿ?"

ಇರುವುದಿಲ್ಲ, ಅದು ಯಂತ್ರದ ವರದಿ, ಯಂತ್ರದ ದೋಷವಷ್ಟೇ ಬರೆಯುವುದು ಎಂದೆ.

"ಮುಂಜಾನಿ ಬರ್ದಿದ್ರಾಗ ಇತ್ತೆಲ್ರಿ?"

ಇಷ್ಟು ವರ್ಷದ ನೌಕರಿಯಲ್ಲಿ ನನಗೆ ಯಾರೂ ಕೇಳದ ಪ್ರಶ್ನೆ ಅದು. ಬ್ಯಾಗಿನಿಂದ ಹಳೆಯ ವರದಿ ತೆಗೆದು ಎಲ್ಲರ ಎದುರಿಗೆ ಹರಿದೆ. ಅಲ್ಲೇ ಮೇಜಿನ ಮೇಲೆ ಇಲಾಖೆಯ ರೂಢಿಯಂತೆ ಇಂಗ್ಲಿಷಿನಲ್ಲಿ ಹೊಸದು ಬರೆದೆ. ದೋಷದ ಕಾರಣ ಬರೆದ ಮೇಲೆ, ಕೆಳಗೆ ಷರಾ ಎಂದು ಹಾಕಿ, ಅವಳ ಪೂರ್ತಿ ಹೆಸರು, ತಂದೆಯ ಹೆಸರು, ಊರು ಬರೆದು, ಈ ತೂಕದ ವ್ಯತ್ಯಾಸಕ್ಕೂ ಇವರಿಗೂ ಯಾವ ಸಂಬಂಧವೂ ಇಲ್ಲ, ಇವರು ತಮ್ಮ ಕೆಲಸವನ್ನು ಪ್ರಾಮಾಣಿಕವಾಗಿ ಮಾಡಿದ್ದಾರೆ ಎಂದು ಬರೆದೆ. ಅಂಥ ಷರಾ ಬರೆಯಬಾರದೆಂದು ಯಾವ ನಿಯಮವೂ ಇರಲಿಲ್ಲ. ಬರೆಯಬೇಕೆಂಬ ನಿಯಮವೂ ಇರಲಿಲ್ಲ, ಅಷ್ಟೇ. ರುಜು ಮಾಡಿ, ಓದಲೇ ಎಂದು ಕೇಳಿದೆ.

"ಓದ್ರಿ ಸರ್. ಆದ್ರ ಇಲ್ಲಿ ಬ್ಯಾಡ. ನಮ್ಮೂರಾಗ ಓದ್ರಿ."

ಮಾಲೀಕರು ತಮ್ಮ ಗಾಡಿಯಲ್ಲೇ ನಮ್ಮನ್ನು ಕರೆದುಕೊಂಡು ಹೋದರು. ಅದಕ್ಕೆ ಅವರಿಗೂ ನಾನು ಕೃತಜ್ಞ. ಭಂಕೂರಿನಲ್ಲಿ ನಳದ ಹತ್ತಿರ ಕೊಡಗಳ ಸಾಲು ಇತ್ತು. ಕಲ್ಲಿನ ಕೆಲಸ ಬಿಟ್ಟು ಬಂದವರು ಕಟ್ಟೆಯ ಮೇಲೆ ಕುಳಿತಿದ್ದರು. ಸುಜಾತಾ ಮನೆಗೆ ಹೋಗಿ ತಾಯಿಯನ್ನು ಕೈ ಹಿಡಿದು ಕರೆತಂದಳು. ಆಕೆ ಸೆರಗು ತಲೆಯ ಮೇಲೆ ಎಳೆದುಕೊಂಡು ಎಲ್ಲರಿಂದ ದೂರ ನಿಂತರು. ನಾನು ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡಕ್ಕೆ ಮಾಡಿಕೊಳ್ಳುತ್ತ, ಮೊದಲ ಸಾಲಿನಿಂದ ಷರಾದವರೆಗೆ ಓದಿದೆ. ಕೊಡಗಳ ಸದ್ದು ನಿಂತಿತ್ತು.

ಓದಿ ಮುಗಿದ ಮೇಲೆ ತಾಯಿ ಸೆರಗು ಸರಿಸಿದರು. ನಡೆದು ಬಂದು ನಳದ ಪಕ್ಕ, ಹೆಣ್ಣುಮಕ್ಕಳ ಸಾಲಿನ ನಡುವೆ ನಿಂತರು.

"ಇನ್ನೊಮ್ಮಿ ಓದ್ರಿ ಸಾಹೇಬ್ರ" ಎಂದರು. "ಅಕೀ ಹೆಸರಿದ್ದಲ್ಲಿ ಜರಾ ಜೋರಾಗಿ ಓದ್ರಿ."

ನಾನು ಕಟ್ಟೆಯ ಮೇಲೆ ಹತ್ತಿ ನಿಂತು ಮತ್ತೆ ಮೊದಲಿನಿಂದ ಓದಿದೆ.